ಎಷ್ಟಾಣೆ ನೋವು?

ಸರಸ್ವತಿಪುರಂನ ಒಂದು ಆಸ್ಪತ್ರೆಯಲ್ಲಿ ಬೇರೆಯವರ ಮಂಡಿ, ಭುಜ, ಸೊಂಟ ಬಗ್ಗಿಸುತ್ತಾ ನನ್ನ ಕೂದಲು ಬೆಳ್ಳಗಾಯಿತು. ಹೋದ ವರ್ಷ ನಿವೃತ್ತಿಯಾದೆ. ಈಗ ಬೆಳಿಗ್ಗೆ ಗಿಡಕ್ಕೆ ನೀರು ಹಾಕಿ, ತಿಂಡಿ ಮುಗಿಸಿ ಕೂತರೆ ಕೈ ಸುಮ್ಮನಿರುವುದಿಲ್ಲ. ಯಾರದಾದರೂ ಮಂಡಿ ಸಿಕ್ಕರೆ ಒಂದು ಸುತ್ತು ಬಗ್ಗಿಸಿಬಿಡೋಣ ಅನ್ನಿಸುತ್ತದೆ. ನಮ್ಮ ಯಜಮಾನರು ಆ ಹೊತ್ತಿನಲ್ಲಿ ನನ್ನ ಹತ್ತಿರ ಕಾಲು ಚಾಚಿ ಕೂರುವುದನ್ನೇ ಬಿಟ್ಟಿದ್ದಾರೆ.

ನಮ್ಮ ಫಿಸಿಯೋಥೆರಪಿ ವಿಭಾಗಕ್ಕೆ ಹೊಸದಾಗಿ ಸೇರಿರುವ ಇಬ್ಬರು ಹುಡುಗಿಯರು ಮೊನ್ನೆ ವಿಜಯನಗರದ ಮನೆಗೆ ಬಂದಿದ್ದರು. ಮಾತಿಗೆ ಮಾತು ಬಂದು, ಓದಿದ್ದಕ್ಕೂ ಮಂಚದ ಮೇಲೆ ಮಲಗಿರುವ ಮನುಷ್ಯನಿಗೂ ಹೊಂದಿಕೆಯೇ ಆಗುವುದಿಲ್ಲವಲ್ಲ ಮೇಡಂ ಅಂದರು. ನನಗೂ ಮೊದಲ ವರ್ಷ ಹಾಗೇ ಆಗಿತ್ತು. ಅವರಿಗೋಸ್ಕರ ಇದನ್ನು ಬರೆಯುತ್ತಿದ್ದೇನೆ. ಯಾವಾಗ ಬಡ್ತಿ ಬಂತು, ಯಾರು ಶಾಲು ಹೊದಿಸಿದರು ಅನ್ನುವುದರಿಂದ ಅವರಿಗೆ ಉಪಯೋಗವಿಲ್ಲ. ಕೆಲಸ ಹೇಗೆ ನಡೆಯುತ್ತಿತ್ತು ಅನ್ನುವುದು ಮಾತ್ರ ಇರಲಿ.

ನಾನು ಸೇರಿದಾಗ ನಮ್ಮದು ಆಸ್ಪತ್ರೆಯ ಹಿಂಭಾಗದ ಉದ್ದನೆಯ ಒಂದು ಕೋಣೆ. ಬಾಗಿಲ ಪಕ್ಕ ಕೀಲುಗಳಿಗೆ ಕಾವು ಕೊಡಲು ಮೇಣ ಕರಗಿಸುವ ತೊಟ್ಟಿ, ಆಚೆ ಕಡೆ ಗೋಡೆಗೆ ತಾಗಿದಂತೆ ಶಾಖ ಕೊಡುವ ದೊಡ್ಡ ಯಂತ್ರ, ನಡುವೆ ಮಂಚಗಳು. ಬೆಳಿಗ್ಗೆ ಬೀಗ ತೆಗೆದರೆ ಮೇಣದ ವಾಸನೆ ಮುಖಕ್ಕೆ ಬಡಿಯುತ್ತಿತ್ತು. ಕಿಟಕಿಯಾಚೆಗೆ ಟ್ಯುಟೋರಿಯಲ್ಲಿನ ಮಕ್ಕಳು ಸೂತ್ರಗಳನ್ನು ಬಾಯಿಪಾಠ ಮಾಡುತ್ತಾ ಹೋಗುತ್ತಿದ್ದರು. ಟವೆಲ್ಲುಗಳನ್ನು ನಾವೇ ಒಗೆದು, ನಾವೇ ಮಡಿಸಬೇಕಾಗಿತ್ತು. ಇವತ್ತಿಗೂ ಮನೆಯಲ್ಲಿ ಟವೆಲ್ಲು ಮಡಿಸುವಾಗ ನನ್ನ ಕೈ ಮಂಡಿಗೆ ಸುತ್ತುವ ಅಳತೆಗೇ ಮಡಿಸುತ್ತದೆ.

ಆಗ ನಮ್ಮ ಮುಖ್ಯಸ್ಥೆ ನಾಗರತ್ನ ಮೇಡಂ. ಬಿಳಿ ಸೀರೆ, ಬಿಗಿಯಾಗಿ ಹೆಣೆದ ಜಡೆ, ಕೋಣೆಯಲ್ಲಿ ಯಾರಾದರೂ ಪಿಸುಗುಟ್ಟಿದರೂ ತಲೆ ಎತ್ತಿ ನೋಡುವರು. ರೋಗಿಗಳು ಮಾತಾಡಬಾರದು, ನಾವಂತೂ ಮಾತಾಡಲೇಬಾರದು. ಮಾತಾಡಿದರೆ ಲಕ್ಷ್ಯ ಚದುರುತ್ತದೆ ಅನ್ನುವುದು ಅವರ ನಂಬಿಕೆ. ನಾನು ಸೇರಿದ ಮೊದಲ ವಾರ ಒಬ್ಬರು ಅಜ್ಜಿ ಬಂದರು. ಭುಜ ಹಿಡಿದುಕೊಂಡಿತ್ತು. ಯಂತ್ರದ ಶಾಖ ಕೊಡಬೇಕಾದರೆ ಮೈಮೇಲೆ ಲೋಹ ಇರಕೂಡದು, ಸುಡುತ್ತದೆ. ಬಳೆ, ಸರ ತೆಗೆದರು. ಕೊರಳಲ್ಲಿದ್ದ ಬೆಳ್ಳಿ ಕರಡಿಗೆಯನ್ನು ಮಾತ್ರ ತೆಗೆಯಲಿಲ್ಲ. ಅದರೊಳಗೆ ಅವರ ಇಷ್ಟಲಿಂಗ. ನಾನು ಪುಸ್ತಕದಲ್ಲಿ ಓದಿದ್ದನ್ನೆಲ್ಲ ಹೇಳಿ ಅವರನ್ನು ಒಪ್ಪಿಸಲು ನೋಡುತ್ತಿದ್ದೆ. ನಾಗರತ್ನ ಮೇಡಂ ಎದ್ದು ಬಂದು, ಒಂದು ಮಾತೂ ಆಡದೆ ಯಂತ್ರದ ಸ್ವಿಚ್ಚು ಆರಿಸಿ, ಬಿಸಿನೀರಿನ ಚೀಲಕ್ಕೆ ಟವೆಲ್ಲು ಸುತ್ತಿ ಭುಜದ ಮೇಲಿಟ್ಟರು. ಮಧ್ಯಾಹ್ನ ಬುತ್ತಿ ಬಿಚ್ಚುವಾಗ, ಯಂತ್ರಕ್ಕೆ ಮನುಷ್ಯರನ್ನು ಹೊಂದಿಸಬೇಡ ಸುಮಿತ್ರಾ, ಅಂದರು. ಅಷ್ಟೇ. ಇಲವಾಲದ ಕಡೆಯ ರೈತರು ಬಂದರೆ ಸೊಂಟದ ಬೆಳ್ಳಿ ಉಡದಾರದ್ದೂ ಇದೇ ಪಾಡು. ಬಿಚ್ಚಲು ಹೇಳಿದರೆ, ಬದುಕಿರೋವಾಗ ಉಡದಾರ ಬಿಚ್ಚುತಾರೇನವ್ವಾ ಎಂದು ನನ್ನನ್ನೇ ಕೇಳುತ್ತಿದ್ದರು.

ಆಮೇಲೊಂದು ದಿನ ನೋವು ಅಳೆಯುವ ಪಟ ಬಂತು. ಸೊನ್ನೆಯಿಂದ ಹತ್ತರವರೆಗೆ ಅಂಕಿ, ಅದರ ಕೆಳಗೆ ನಗುವ ಮುಖದಿಂದ ಶುರುವಾಗಿ ಅಳುವ ಮುಖದವರೆಗೆ ಸಾಲು. ನಿಮ್ಮ ನೋವು ಎಷ್ಟು ಎಂದು ಕೇಳಿ ಬರೆದುಕೊಳ್ಳಬೇಕು. ಕಾಲೇಜಿನ ಹುಡುಗರು ಥಟ್ಟನೆ ಆರು, ಏಳು ಅನ್ನುವರು. ವಯಸ್ಸಾದವರ ಹತ್ತಿರ ಅದು ನಡೆಯಲಿಲ್ಲ. ಒಬ್ಬರಂತೂ ಆ ಸಾಲನ್ನು ದಿಟ್ಟಿಸಿ ನೋಡಿ, ಇವರಲ್ಲಿ ಯಾರೂ ನಮ್ಮ ಕಡೆಯವರಲ್ಲ ಅಂದರು. ಹಳ್ಳಿಯ ಹೆಂಗಸೊಬ್ಬಳು ತಾನಾಗಿಯೇ, ಮೊದ್ಲು ಹದ್ನಾರಾಣೆ ಇತ್ತು ಕಣವ್ವ, ಈಗ ಆರಾಣೆ ಅದೆ, ಅಂದಳು. ರೂಪಾಯಿಗೆ ಹದಿನಾರಾಣೆ ಇದ್ದದ್ದು ಈಗಿನವರಿಗೆ ಗೊತ್ತಿರಲಾರದು. ಆದರೆ ಆಣೆ ಹೋಗಿ ಎಷ್ಟು ಕಾಲವಾದರೂ ವಾಸಿಯಾದದ್ದನ್ನು, ಉಳಿದದ್ದನ್ನು ನಮ್ಮ ಜನ ಆಣೆಯಲ್ಲೇ ಹೇಳುತ್ತಿದ್ದರು. ನಾಗರತ್ನ ಮೇಡಂ ಆ ಪಟದ ಪಕ್ಕದಲ್ಲೇ ಪೆನ್ಸಿಲಿನಿಂದ ಇನ್ನೊಂದು ಗೆರೆ ಎಳೆದು ಆಣೆ ಗುರುತು ಹಾಕಿದರು. ಅಲ್ಲಿಂದಾಚೆಗೆ ನಮ್ಮ ವಿಭಾಗದಲ್ಲಿ ವಯಸ್ಸಾದವರನ್ನು ಎಷ್ಟಾಣೆ ನೋವು ಅಂತಲೇ ಕೇಳುವುದು ರೂಢಿಯಾಯಿತು. ಅವರು ಸರಿಯಾಗಿ ಹೇಳುತ್ತಿದ್ದರು ಕೂಡ. ಏಳಾಣೆ ಅಂದದ್ದನ್ನು ಎಂಟು ಎಂದು ಬರೆದುಕೊಂಡರೆ ತಿದ್ದುತ್ತಿದ್ದರು.

ಇನ್ನು ಮಂಡಿ ಬ್ಯಾಚಿನ ವಿಷಯ. ಮಂಡಿಗೆ ಕೃತಕ ಕೀಲು ಹಾಕಿಸಿಕೊಳ್ಳುವವರು ಹೆಚ್ಚಿದ ಮೇಲೆ ಅವರನ್ನೆಲ್ಲ ಬೆಳಿಗ್ಗೆ ಒಂದೇ ಹೊತ್ತಿಗೆ ಬರಹೇಳುತ್ತಿದ್ದೆವು. ಆಪರೇಷನ್ ಆದ ಮಂಡಿ ಸುಮ್ಮನೆ ಬಿಟ್ಟರೆ ಮರಗಟ್ಟಿದ ಹಾಗಾಗುತ್ತದೆ. ದಿನದಿನವೂ ಸ್ವಲ್ಪ ಸ್ವಲ್ಪವಾಗಿ ಬಗ್ಗಿಸಿ ಹಾದಿಗೆ ತರಬೇಕು. ಕುರ್ಚಿಯ ಮೇಲೆ ಕೂರುವಷ್ಟು ಬಗ್ಗಿದರೆ ಅರ್ಧ ಗೆದ್ದ ಹಾಗೆ. ಆದರೆ ಬಗ್ಗಿಸುವ ಹೊತ್ತಿನಲ್ಲಿ ಪ್ರಾಣವೇ ಹೋಗುತ್ತದೆ. ಒಬ್ಬೊಬ್ಬರೇ ಬಂದರೆ ಅಳುತ್ತಾರೆ, ಜೊತೆಯಲ್ಲಿದ್ದರೆ ಪಕ್ಕದವರ ಮುಂದೆ ಮರ್ಯಾದೆಗಾದರೂ ತಡೆದುಕೊಳ್ಳುತ್ತಾರೆ.

ನಾಗರತ್ನ ಮೇಡಂ ನಿವೃತ್ತಿಯಾಗಿ, ವಿಭಾಗ ನನ್ನ ಕೈಗೆ ಬಂದು ಎಷ್ಟೋ ವರ್ಷಗಳಾದ ಮೇಲೆ ಆ ಬ್ಯಾಚಿಗೆ ಪುಟ್ಟಸ್ವಾಮಿ ಮತ್ತು ಶಿವಬಸಪ್ಪ ಬಂದರು. ಪುಟ್ಟಸ್ವಾಮಿಯವರು ನೂಲಿನ ಗಿರಣಿಯೊಂದರಲ್ಲಿ ಕೆಲಸ ಮಾಡಿ ಬಿಟ್ಟವರು. ಶಿವಬಸಪ್ಪನವರದು ಪೇಟೆಯಲ್ಲಿ ಬಟ್ಟೆ ವ್ಯಾಪಾರ, ಹಣೆಯ ಮೇಲೆ ಅಳಿಸದ ವಿಭೂತಿ. ಇವರ ಮಂಚಗಳು ಅಕ್ಕಪಕ್ಕ. ಮೊದಲ ದಿನವೇ ಪುಟ್ಟಸ್ವಾಮಿಯವರು ಗಿರಣಿ ಅಂದರು, ಶಿವಬಸಪ್ಪನವರು ಪೇಟೆ ಅಂದರು, ಅಲ್ಲಿಗೆ ನಾಗರತ್ನ ಮೇಡಂ ಕಾಪಾಡಿಕೊಂಡು ಬಂದಿದ್ದ ಮೌನ ಮುಗಿಯಿತು.

ನನಗೆ ಫುಟ್‌ಬಾಲ್ ತಿಳಿಯದು. ಅವರಿಂದ ತಿಳಿದದ್ದಿಷ್ಟು: ಒಂದು ಕಾಲದಲ್ಲಿ ಮೈಸೂರಲ್ಲಿ ಗಿರಣಿಯ ಟೀಮಿಗೂ ಪೇಟೆಯ ಟೀಮಿಗೂ ವರ್ಷಕ್ಕೊಂದು ಮ್ಯಾಚು ನಡೆಯುತ್ತಿತ್ತು. ಆ ದಿನ ಗಿರಣಿಯಲ್ಲಿ ಅರ್ಧ ಯಂತ್ರ ಓಡುತ್ತಿರಲಿಲ್ಲ, ಪೇಟೆಯಲ್ಲಿ ಅರ್ಧ ಬಾಗಿಲು ತೆಗೆಯುತ್ತಿರಲಿಲ್ಲ. ಗೆದ್ದವರು ಸೋತವರ ಬೀದಿಯಲ್ಲಿ ತಮಟೆ ಬಡಿದುಕೊಂಡು ಹೋಗುವರು. ಸೋತ ಕಡೆಯ ಹೆಂಗಸರು ಮಹಡಿಯಿಂದ ನೀರು ಎರಚುವರು. ಮಳೆಯಲ್ಲಿ ಆಡಿದ ಮ್ಯಾಚು, ಗೋಲ್‌ಪೋಸ್ಟು ಮುರಿದ ಮ್ಯಾಚು, ರೆಫರಿಯನ್ನು ಟಾಂಗಾದಲ್ಲಿ ಕೂರಿಸಿ ಓಡಿಸಿದ ಮ್ಯಾಚು, ಹೀಗೆ ದಿನಕ್ಕೊಂದು ಬರುತ್ತಿತ್ತು. ಈಗ ಇಬ್ಬರೂ ಮೊಬೈಲಿನಲ್ಲಿ ವಿದೇಶದ ಮ್ಯಾಚು ನೋಡುತ್ತಾರೆ. ಆದರೆ ಅಲ್ಲಿ ಎಂಥ ಗೋಲು ಹೊಡೆದರೂ ಪುಟ್ಟಸ್ವಾಮಿಯವರು, ಇದನ್ನ ನಮ್ಮ ಗಿರಣಿಯೋರು ಬರಿಗಾಲಲ್ಲಿ ಹೊಡೆದಿದ್ರು ಅನ್ನುವರು. ಶಿವಬಸಪ್ಪನವರು ಬರಿಗಾಲಿನ ಕಾಲ ಅದಲ್ಲ ಎಂದು ತಗಾದೆ ತೆಗೆಯುವರು.

ಈ ಜಗಳದಿಂದ ನನಗೊಂದು ಲಾಭವಾಯಿತು. ಪುಟ್ಟಸ್ವಾಮಿಯವರ ಮಂಡಿ ಸುಮ್ಮನೆ ಮಲಗಿದ್ದಾಗ ಬಗ್ಗುತ್ತಿದ್ದದ್ದಕ್ಕಿಂತ ಜಗಳವಾಡುವಾಗ ಎಷ್ಟೋ ಹೆಚ್ಚು ಬಗ್ಗುತ್ತಿತ್ತು. ಅವರು ಬೈಗುಳ ಹುಡುಕುತ್ತಿರುವಾಗ ನಾನು ಹಿಮ್ಮಡಿಯನ್ನು ಇನ್ನೊಂದಿಷ್ಟು ಹಿಂದಕ್ಕೆ ಸರಿಸಿಬಿಡುತ್ತಿದ್ದೆ. ಜಗಳ ತಣ್ಣಗಾದ ದಿನ ನಾನೇ, ಅಲ್ಲ, ಆ ರೆಫರಿ ಕಥೆ ಏನಾಯಿತು, ಎಂದು ಕಡ್ಡಿ ಗೀರುತ್ತಿದ್ದೆ. ಇದು ಯಾವ ಪುಸ್ತಕದಲ್ಲೂ ಇಲ್ಲ, ಆದರೂ ಹೇಳಿಟ್ಟಿರುತ್ತೇನೆ.

ಅವರ ಮಾತೆಲ್ಲ ಸುತ್ತಿ ಸುತ್ತಿ ಕೊನೆಗೆ ಒಬ್ಬನ ಹತ್ತಿರ ಬಂದು ನಿಲ್ಲುತ್ತಿತ್ತು. ಗಿರಣಿ ಟೀಮಿನ ಮಾದೇವ. ಎಡಗಾಲಿನ ಆಟಗಾರ. ಅವನ ಕಾಲಿಗೆ ಬಾಲು ಸಿಕ್ಕರೆ ಪೇಟೆಯವರು ಸೋತೆವೆಂದು ಎದ್ದು ಚಪ್ಪಲಿ ಹುಡುಕಿಕೊಳ್ಳುತ್ತಿದ್ದರಂತೆ. ಹಾಗಂದವರು ಗಿರಣಿಯ ಪುಟ್ಟಸ್ವಾಮಿಯವರಲ್ಲ, ಪೇಟೆಯ ಶಿವಬಸಪ್ಪನವರು. ಪುಟ್ಟಸ್ವಾಮಿಯವರಿಗೆ ಮಾದೇವನ ಹೆಸರೆತ್ತಿದರೆ ಮೈ ಉರಿಯುತ್ತಿತ್ತು. ಕಡೆಯ ಮ್ಯಾಚಿನಲ್ಲಿ ಮೊದಲರ್ಧಕ್ಕೇ ಒಂದು ಗೋಲು ಹೊಡೆದ ಮಾದೇವ ಎರಡನೆಯ ಅರ್ಧದಲ್ಲಿ ಓಡಲೇ ಇಲ್ಲವಂತೆ. ಪೇಟೆಯವರು ಎರಡು ಗೋಲು ಹೊಡೆದರು. ಕೊನೆಯಲ್ಲಿ ಸಮ ಮಾಡಿಕೊಳ್ಳಲು ಒಂದು ಬಾಲು ನೇರವಾಗಿ ಅವನ ಮುಂದೆ ಉರುಳಿ ಬಂತು, ಎದುರಿಗೆ ಯಾರೂ ಇಲ್ಲ.

"ಬಾಲು ಬರ್ತಾ ಅದೆ, ಇವ್ನು ಬಗ್ಗಿ ಸಾಕ್ಸ್ ಎಳ್ಕತಾ ನಿಂತವ್ನೆ, ಮದ್ವೆ ಗಂಡಿನಂಗೆ," ಎಂದು ಪುಟ್ಟಸ್ವಾಮಿಯವರು ಮಂಚದ ಮೇಲಿಂದಲೇ ಬಗ್ಗಿ ತೋರಿಸುವರು. "ಮುಂದಿನ ವಾರ ಬಸ್ಸಿನ ಕೆಲಸಕ್ಕೆ ಸೆಲೆಕ್ಷನ್ ಇತ್ತು ಅವ್ನಿಗೆ. ಕಾಲು ಉಳಿಸ್ಕಂಡ. ಗಿರಣಿ ಮಾನ ಹೋಯ್ತು."

"ಕಾಲಿಗೆ ಪೆಟ್ಟಾಗಿತ್ತು ಕಣಯ್ಯ," ಎಂದು ಶಿವಬಸಪ್ಪನವರು. "ಗೋಲು ಕಾಯೋಕೆ ಹಿಂದೆ ಆಡ್ತಿದ್ದ ನಮ್ಮ ಬ್ಯಾಕು ಒದ್ದದ್ದನ್ನ ನಾನೇ ನೋಡಿದೀನಿ. ನೋಡಿ ಚಪ್ಪಾಳೆನೂ ತಟ್ಟಿದೀನಿ."

"ಪೆಟ್ಟಾಗಿದ್ರೆ ಕೂತ್ಕಬೇಕು, ಕುಂಟಬೇಕು, ಅಯ್ಯೋ ಅನ್ಬೇಕು. ಏನಾದ್ರೂ ಅಂದ್ನಾ?"

ಅಲ್ಲಿಗೆ ಶಿವಬಸಪ್ಪನವರ ಮಾತು ಕಟ್ಟುತ್ತಿತ್ತು. ಯಾಕೆಂದರೆ ಮಾದೇವ ಏನೂ ಅಂದಿರಲಿಲ್ಲ. ಆ ಮ್ಯಾಚಿನ ಮರುವಾರ ಬಸ್ಸಿನ ಕೆಲಸವೂ ಸಿಕ್ಕಿತು, ಮತ್ತೆ ಅವನು ಆಡಲೂ ಇಲ್ಲ, ಗಿರಣಿಯ ಕಡೆ ತಿರುಗಿಯೂ ನೋಡಲಿಲ್ಲ.

ಒಂದು ಸೋಮವಾರ ಹೊಸ ಮಂಡಿಗಳ ಚೀಟಿ ನೋಡಿ ಮಹದೇವು ಅಂತ ಕೂಗಿದೆ. ಉದ್ದನೆಯ ಮನುಷ್ಯ, ನಾಲ್ಕು ಕಾಲಿನ ಊರುಗೋಲು ಹಿಡಿದು ಒಳಗೆ ಬಂದರು. ಐವತ್ತಾರು ವಯಸ್ಸು, ಎಡ ಮಂಡಿ. ಸಿಟಿ ಬಸ್ಸಿನ ಡ್ರೈವರು, ಹುಣಸೂರು ರಸ್ತೆಯಲ್ಲಿ ಇಲವಾಲದ ಕಡೆಗೆ ಓಡಿಸುತ್ತಿದ್ದರಂತೆ. ನಾನು ಮಂಡಿಯ ಪಟ್ಟಿ ಬಿಚ್ಚುತ್ತಿದ್ದಾಗ ಕೋಣೆ ಯಾಕೋ ನಿಶ್ಶಬ್ದವಾಗಿದೆ ಅನ್ನಿಸಿ ತಲೆ ಎತ್ತಿದೆ. ಶಿವಬಸಪ್ಪನವರು ಎದ್ದು ಕೂತು ಕೈ ಮುಗಿಯುತ್ತಿದ್ದರು. ಪುಟ್ಟಸ್ವಾಮಿಯವರು ಗೋಡೆ ಕಡೆ ತಿರುಗಿ ಮಲಗಿದ್ದರು. ಆಪರೇಷನ್ ಆದ ಮಂಡಿಯವರು ಹಾಗೆ ಮಗ್ಗುಲಾಗುವುದು ಸುಲಭವಲ್ಲ. ಅಷ್ಟು ಕೋಪ.

ಸ್ವಲ್ಪ ಹೊತ್ತಾದ ಮೇಲೆ ಗೋಡೆಗೆ ಹೇಳಿದ ಹಾಗೆ, "ಬಾಲು ಬಂದಾಗ ನಿಂತ್ಕಬುಟ್ಟೋನು, ಈಗ ನಡೆಯೋದು ಕಲಿಯಕ್ಕೆ ಬಂದವ್ನೆ," ಅಂದರು.

ಮಹದೇವು ಅವರಿಗೆ ಕೇಳಿಸಿತು. ಚಾಚಿದ ಕಾಲನ್ನು ನನ್ನ ಕಡೆಗೆ ಇನ್ನಷ್ಟು ಸರಿಸಿದರು.

ಅವರಿಗೆ ಬೇಕಾದದ್ದು ಒಂದೇ. ನಿವೃತ್ತಿಗೆ ಇನ್ನೂ ಕಾಲವಿತ್ತು, ಅಷ್ಟು ಕಾಲವೂ ಸ್ಟಿಯರಿಂಗ್ ಹಿಡಿದೇ ಕಳೆಯಬೇಕು. ಬಸ್ಸಿನಲ್ಲಿ ಎಡಗಾಲಿನ ಕೆಲಸ ಕ್ಲಚ್ಚು. ಮಂಡಿ ಚೆನ್ನಾಗಿ ಬಗ್ಗಬೇಕು, ಬಗ್ಗಿದ ಮೇಲೆ ಒತ್ತುವ ಬಲವೂ ಬೇಕು. ಇಲ್ಲದಿದ್ದರೆ ಡಿಪೋದಲ್ಲಿ ಕೂರಿಸುತ್ತಾರೆ. ಡಿಪೋದಲ್ಲಿ ಕೂತವರನ್ನು ಡ್ರೈವರುಗಳು ಮಾತಾಡಿಸುವ ರೀತಿಯೇ ಬೇರೆ ಮೇಡಂ, ಅಂದರು. ಬಸ್ಸಿನ ಬಗ್ಗೆ ಹೇಳುವಾಗ ಮಾತ್ರ ಅವರ ಬಾಯಿಗೆ ಮಾತು ಬರುತ್ತಿತ್ತು. ಕ್ಲಚ್ಚು ಬೆಳಿಗ್ಗೆ ಒಂದು ತೂಕ, ಸಂಜೆ ಒಂದು ತೂಕ ಎಂದು ಹೇಳಿದ್ದು ನನಗೆ ಇನ್ನೂ ನೆನಪಿದೆ.

ನಾನು ಬಗ್ಗಿಸಲು ಶುರು ಮಾಡಿ, ಎಷ್ಟಾಣೆ ಅಂದೆ. ಅವರಿಗೆ ಅರ್ಥವಾಗಿ, ಒಂದಾಣೆನೂ ಇಲ್ಲ ಮೇಡಂ, ಅಂದರು. ಇನ್ನೂ ಬಗ್ಗಿಸಿದೆ. ಇಲ್ಲ. ಇನ್ನೂ. ಏನಿಲ್ಲ, ನೀವು ಮಾಡಿ. ಮುಖದಲ್ಲಿ ಒಂದು ಗೆರೆಯೂ ಬದಲಾಗದು. ಪಕ್ಕದಲ್ಲಿ ಪುಟ್ಟಸ್ವಾಮಿಯವರು ನಾನು ಟವೆಲ್ಲು ತೆಗೆದುಕೊಂಡರೆ ಸಾಕು, ಹನ್ನೆರಡಾಣೆ ಎಂದು ಕೂಗುವ ಪೈಕಿ. ಇವರು ನೋಡಿದರೆ ಹೀಗೆ. ಒಳ್ಳೆಯ ರೋಗಿ ಸಿಕ್ಕರು ಅಂದುಕೊಂಡೆ.

ಮೊದಲ ವಾರ ಮಂಡಿ ಬಾಗುತ್ತಾ ಬಂತು. ಎರಡನೆಯ ವಾರ ನಿಂತಿತು. ಮೂರನೆಯ ವಾರ ಹಿಂದಕ್ಕೆ ಹೋಗತೊಡಗಿತು. ಬೆಳಿಗ್ಗೆ ಬಂದರೆ ಮಂಡಿ ಊದಿರುತ್ತಿತ್ತು, ಮುಟ್ಟಿದರೆ ಬಿಸಿ. ಮಂಜುಗಡ್ಡೆ ಇಟ್ಟೆ, ವ್ಯಾಯಾಮ ಕಡಿಮೆ ಮಾಡಿದೆ. ಸೋಂಕೇನಾದರೂ ಇರಬಹುದೇ ಎಂದು ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದರು, ಏನೂ ಇಲ್ಲ. ಹೀಗೇ ಹೋದರೆ ಮತ್ತೆ ಅರಿವಳಿಕೆ ಕೊಟ್ಟು ಮಂಡಿಯನ್ನು ಬಲವಂತವಾಗಿ ಬಗ್ಗಿಸಬೇಕಾಗುತ್ತದೆ ಅಂದರು. ನೋವು ಎಷ್ಟಾಣೆ ಅನ್ನುವುದರ ಮೇಲೆ ನಾವು ಎಷ್ಟು ಬಗ್ಗಿಸಬೇಕು, ಯಾವಾಗ ನಿಲ್ಲಿಸಬೇಕು ಎಂದು ತೀರ್ಮಾನ ಮಾಡುವವರು. ಈ ಮನುಷ್ಯ ಇಲ್ಲ, ಇಲ್ಲ ಅನ್ನುತ್ತಿದ್ದರೆ ಕತ್ತಲೆ ಕೋಣೆಯಲ್ಲಿ ಸಾಮಾನು ಜೋಡಿಸಿದ ಹಾಗಿತ್ತು ನನಗೆ.

ಅಷ್ಟು ದಿನವೂ ಪುಟ್ಟಸ್ವಾಮಿಯವರು ಮಹದೇವು ಅವರನ್ನು ನೇರವಾಗಿ ಮಾತಾಡಿಸಿರಲಿಲ್ಲ. ಕುಟುಕುವುದು ಮಾತ್ರ ನಡೆದೇ ಇತ್ತು. ಆದರೆ ಒಂದು ಬುಧವಾರ ನಾನು ಮಹದೇವು ಅವರ ಹಿಮ್ಮಡಿ ಹಿಡಿದು ಹಿಂದಕ್ಕೆ ಸರಿಸುತ್ತಿದ್ದಾಗ ಪುಟ್ಟಸ್ವಾಮಿಯವರ ಬಾಯಿ ಇದ್ದಕ್ಕಿದ್ದ ಹಾಗೆ ನಿಂತಿತು. ನೋಡಿದರೆ ಮೊಣಕೈ ಊರಿಕೊಂಡು ಅರ್ಧ ಎದ್ದು ಈ ಕಡೆಗೇ ಕಣ್ಣು ನೆಟ್ಟಿದ್ದಾರೆ.

"ಮೇಡಂ, ನಿಲ್ಸಿ," ಅಂದರು.

ನಾನು ಕೈ ಸಡಿಲಿಸಿದೆ.

"ಅವ್ನ ಕೈ ನೋಡಿ."

ಮಹದೇವು ಅವರ ಬಲಗೈ ಬಲಗಾಲಿನ ಮೇಲಿತ್ತು. ಆರೋಗ್ಯವಾಗಿದ್ದ ಕಾಲು ಅದು, ಮಡಿಸಿಟ್ಟುಕೊಂಡಿದ್ದರು. ಮೊಣಕಾಲ ಕೆಳಗೆ ಪೈಜಾಮದ ಬಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಮೇಲಕ್ಕೆ ಎಳೆಯುತ್ತಿದ್ದರು. ಮತ್ತೆ ಬಿಡುವುದು, ಮತ್ತೆ ಎಳೆಯುವುದು. ಅದು ಅವರಿಗೇ ಗೊತ್ತಿದ್ದ ಹಾಗಿರಲಿಲ್ಲ. ನಾನು ದಿನಾ ಎಡ ಮಂಡಿಯನ್ನೂ ಮುಖವನ್ನೂ ನೋಡುತ್ತಿದ್ದೆ, ಆ ಕೈಯನ್ನು ಕಂಡದ್ದು ಆಗಲೇ.

"ಸಾಕ್ಸ್ ಎಳ್ಕತಾವ್ನೆ," ಅಂದರು ಪುಟ್ಟಸ್ವಾಮಿಯವರು. ದನಿ ಬದಲಾಗಿತ್ತು. "ಗೋಲಿನ ಹಿಂದೆ ನಿಂತು ಏಳು ವರ್ಷ ಇವ್ನ ಆಟ ನೋಡಿದೀನಿ. ಕಾಲಿಗೆ ಒದೆ ಬಿದ್ದಾಗೆಲ್ಲ ಹಿಂಗೇ ಎಳ್ಕಳೋನು. ನಾನು ಶೋಕಿ ಅಂದ್ಕಂಡಿದ್ದೆ."

 

ಪುಟ್ಟಸ್ವಾಮಿಯವರು ಮಂಚದಿಂದ ಇಳಿದು, ಕೋಲು ಮರೆತು ಮಂಚದ ಅಂಚು ಹಿಡಿದುಕೊಂಡು ಬಂದು ಮಹದೇವು ಅವರ ಪಕ್ಕ ನಿಂತರು. "ಅವತ್ತೂ ನೋಯ್ತಿತ್ತೇನಯ್ಯಾ?" ಅಂದರು.

ಮಹದೇವು ತಮ್ಮ ಕೈಯನ್ನೇ ನೋಡಿಕೊಳ್ಳುತ್ತಿದ್ದರು. ಬಟ್ಟೆಯನ್ನು ಬಿಟ್ಟು, ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಎದೆಯ ಮೇಲಿಟ್ಟುಕೊಂಡರು. "ಹದ್ನಾರಾಣೆ," ಅಂದರು.

ಆಮೇಲೆ ನಿಧಾನಕ್ಕೆ ಹೇಳಿದರು. ಮ್ಯಾಚಿಗೆ ಮುಂಚೆಯೇ ಮಂಡಿಯ ಒಳಗೆ ಏನೋ ಹರಿದಿತ್ತು. ಗಿರಣಿಯ ಕೋಚು ಪ್ರತಿ ಮ್ಯಾಚಿಗೆ ಮುಂಚೆ ಸಾಲಾಗಿ ನಿಲ್ಲಿಸಿ ನೋವಿದೆಯಾ ಎಂದು ಕೇಳುತ್ತಿದ್ದರು. ಇದೆ ಅಂದವನು ಆಚೆ. ಅವನ ಜಾಗಕ್ಕೆ ಬಂದವನು ಮತ್ತೆ ಬಿಟ್ಟುಕೊಡುತ್ತಿರಲಿಲ್ಲ. ಹಾಗಾಗಿ ಇಲ್ಲ ಅನ್ನುವುದು ಎಲ್ಲರಿಗೂ ಅಭ್ಯಾಸ. ಅವತ್ತು ಪೇಟೆಯ ಬ್ಯಾಕಿನ ಒದೆಯೂ ಅಲ್ಲಿಗೇ ಬಿದ್ದು, ಆಟದ ವಿರಾಮದಲ್ಲಿ ಒಂದು ಇಂಜೆಕ್ಷನ್ ಚುಚ್ಚಿಸಿಕೊಂಡು ಇಳಿದರು. ಕಾಲು ಇದೆಯೋ ಇಲ್ಲವೋ ತಿಳಿಯದ ಹಾಗೆ ಜೋಮು. ಜೋಮು ಬಿಡುತ್ತಾ ಬಂದ ಹಾಗೆ ನೋವು. ಅದೇ ಹೊತ್ತಿಗೆ ಆ ಬಾಲು.

"ಪುಟ್ಟಸ್ವಾಮಣ್ಣ ಹೇಳೋದು ಅರ್ಧ ನಿಜ," ಅಂದರು. "ಬಸ್ಸಿನ ಸೆಲೆಕ್ಷನ್ನಿನೋರೂ ಮ್ಯಾಚು ನೋಡ್ತಾ ಮೈದಾನದಲ್ಲಿ ಕೂತಿದ್ರು. ಕುಂಟಿದ್ರೆ ಕೆಲ್ಸ ಹೋಗ್ತಿತ್ತು. ಅದಕ್ಕೇ ಕುಂಟ್ಲಿಲ್ಲ."

ಕಾಲು ಉಳಿಸಿಕೊಳ್ಳಲು ಓಡಲಿಲ್ಲ ಎಂದು ಇಷ್ಟು ವರ್ಷ ಬೈಸಿಕೊಂಡ ಮನುಷ್ಯ, ನಿಜವಾಗಿ ಆ ಕಾಲನ್ನು ಕಳೆದುಕೊಂಡದ್ದೇ ಆ ದಿನ. ಪುಟ್ಟಸ್ವಾಮಿಯವರು ಏನು ಹೇಳುತ್ತಾರೋ ಎಂದು ನಾನು ನೋಡುತ್ತಿದ್ದೆ. ಅವರು ನನ್ನ ಕಡೆ ತಿರುಗಿ, "ಐಸ್ ಇಡಿ ಮೇಡಂ, ಊದ್ಕಂಡದೆ," ಅಂದರು.

ಆ ದಿನವೇ ಇನ್ನೊಂದು ಸಂಗತಿ ಹೊರಬಿತ್ತು. ಬೇಗ ವಾಸಿಯಾಗಲಿ ಎಂದು ಮಹದೇವು ನಾನು ಹೇಳಿದ್ದು ಸಾಲದೆಂದು ಮನೆಯಲ್ಲಿ ತಾವೇ ಮೆಟ್ಟಿಲು ಹತ್ತಿ ಇಳಿದು, ಮಂಡಿಯ ಮೇಲೆ ಅಕ್ಕಿ ಚೀಲ ಇಟ್ಟು ಒತ್ತಿಕೊಳ್ಳುತ್ತಿದ್ದರಂತೆ. ಎಲ್ಲ ನಿಲ್ಲಿಸಿದೆವು. ಅಲ್ಲಿಂದ ನನ್ನ ಕೆಲಸದ ಕ್ರಮವೇ ಬದಲಾಯಿತು. ನಾನು ಮಂಡಿ ಬಗ್ಗಿಸುವಾಗ ಪುಟ್ಟಸ್ವಾಮಿಯವರು ಪಕ್ಕದ ಸ್ಟೂಲಿನ ಮೇಲೆ ಕೂತು ಆ ಬಲಗೈಯನ್ನು ಕಾಯುತ್ತಿದ್ದರು. ಬೆರಳು ಬಟ್ಟೆಗೆ ಹೋದರೆ, ಹ್ಞೂಂ, ಎಷ್ಟಾಣೆ ಹೇಳು, ಅನ್ನುವರು. ಮಹದೇವು ಮೊದಮೊದಲು ಎರಡಾಣೆ, ಮೂರಾಣೆ ಎಂದು ಚೌಕಾಸಿ ಮಾಡುವರು. ಶಿವಬಸಪ್ಪನವರು ತಮ್ಮ ಮಂಚದಿಂದ, ನಮ್ಮ ಅಂಗಡಿಗೆ ಬಂದೋರು ಹೀಗೇ ಕಣಪ್ಪ, ನಿಜವಾದ ದರ ಹೇಳು, ಅನ್ನುವರು. ಇಬ್ಬರಿಗೂ ಚಿಕಿತ್ಸೆ ಮುಗಿದು ಬರಬೇಕಾದ ಅಗತ್ಯವೇ ಇಲ್ಲದ ಮೇಲೂ ಬರುತ್ತಲೇ ಇದ್ದರು. ಯಾಕೆ ಬಂದಿರಿ ಎಂದು ನಾನೂ ಕೇಳಲಿಲ್ಲ.

ಮಂಡಿಯ ಬಿಸಿ ಇಳಿಯಿತು. ಬಗ್ಗುವುದು ಕುರ್ಚಿಯ ಮಟ್ಟ ದಾಟಿತು, ಅರಿವಳಿಕೆ ಕೊಟ್ಟು ಬಗ್ಗಿಸುವ ಮಾತು ಹಿಂದೆ ಬಿತ್ತು. ಬಸ್ಸಿನ ಸೀಟಿನ ಎತ್ತರಕ್ಕೆ ಒಂದು ಸ್ಟೂಲು ಹೊಂದಿಸಿ, ಗೋಡೆಗೆ ದಪ್ಪ ರಬ್ಬರ್ ಪಟ್ಟಿ ಕಟ್ಟಿ, ಅದನ್ನು ಎಡಗಾಲಲ್ಲಿ ಒತ್ತಿಸಿ ಬಿಡಿಸುವ ಅಭ್ಯಾಸ ಶುರು ಮಾಡಿದೆ. ಒತ್ತುವುದು ಬಂತು. ಆದರೆ ಸ್ವಲ್ಪ ಹೊತ್ತು ಒತ್ತಿ ಬಿಟ್ಟು ಮಾಡಿದರೆ ಎಂಟಾಣೆ, ಹತ್ತಾಣೆಗೆ ಏರುತ್ತಿತ್ತು, ಕಾಲು ಅರೆಗಳಿಗೆ ತಡವಾಗಿ ಏಳುತ್ತಿತ್ತು. ಮನೆಯ ಬಳಕೆಗೆ ಅದು ಏನೇನೂ ಅಲ್ಲ. ಬಸ್ಸಿಗೆ ಅದು ಎಷ್ಟು ದೊಡ್ಡದೋ ನನಗೆ ಗೊತ್ತಿರಲಿಲ್ಲ, ಅವರಿಗೆ ಗೊತ್ತಿತ್ತು.

ಡಾಕ್ಟರು ಕೊನೆಯ ಸಲ ನೋಡಿ ಡ್ಯೂಟಿಗೆ ಬರೆದುಕೊಡುವ ದಿನ ಬಂತು. ಹಿಂದಿನ ದಿನವೆಲ್ಲ ಮಂಡಿ ಬ್ಯಾಚಿನಲ್ಲಿ ಮತ್ತೆ ಗಿರಣಿ, ಪೇಟೆ. ನೋಡಿದರೆ ಪುಟ್ಟಸ್ವಾಮಿಯವರು ಈಗ ಉಲ್ಟಾ.

"ಇದೊಂದ್ಸಲ ಇಲ್ಲ ಅನ್ನಯ್ಯ. ಮಂಡಿ ಬಗ್ತದೆ, ಡಾಕ್ಟ್ರು ಬರ್ಕೊಡ್ತರೆ. ನೀನು ಗಾಡಿ ಮೇಲೆ ಕೂತ್ಕ, ಫಸ್ಟ್ ಟ್ರಿಪ್ಪಿಗೆ ನಾನೇ ಮುಂದಿನ ಸೀಟಲ್ಲಿ ಕೂತ್ಕತೀನಿ."

"ನೀನು ಕೂತ್ಕಂಡ್ರೆ ಕ್ಲಚ್ಚು ಹಗುರ ಆಗುತ್ತೇನಯ್ಯಾ?" ಎಂದು ಶಿವಬಸಪ್ಪನವರು. "ಆಗಲೂ ಹಿಂಗೇ ಆಡು ಆಡು ಅಂತ ಕೂಗಿ ಕೂಗೀನೇ ಅವನ ಕಾಲು ಕಳೆದ್ರಿ."

"ನಾವು ಕೂಗಿದ್ದು ಪ್ರೀತಿಗೆ."

"ನಮ್ಮ ಬ್ಯಾಕು ಒದ್ದದ್ದು ಒಂದ್ಸಲ. ನಿಮ್ಮ ಪ್ರೀತಿ ಏಳು ವರ್ಷ ಒದೀತು."

ಮಹದೇವು ಮಧ್ಯದ ಮಂಚದಲ್ಲಿ ಇಬ್ಬರ ಮಾತನ್ನೂ ಕೇಳುತ್ತಾ ಮಲಗಿದ್ದರು. ಜೊತೆಯ ಡ್ರೈವರುಗಳೂ, ಸುಮ್ಮನೆ ಇಲ್ಲ ಅಂದು ಬಾ, ಅಭ್ಯಾಸವಾಗುತ್ತೆ ಅಂದಿದ್ದರಂತೆ. ನಾನು ನನ್ನ ಮಾತು ಹೇಳಲಿಲ್ಲ. ಅಳತೆ ಬರೆದುಕೊಡುವುದು ನನ್ನ ಕೆಲಸ, ಬರೆದಿದ್ದೆ. ಒಳಗಿನದನ್ನು ಅವರೇ ಹೇಳಬೇಕಿತ್ತು.

ಡಾಕ್ಟರ ಕೋಣೆಯಲ್ಲಿ ಅವರ ಜೊತೆ ನಾನೂ ಇದ್ದೆ. ಡಾಕ್ಟರು ಮಂಡಿ ಬಗ್ಗಿಸಿ ನೋಡಿ, ಎಕ್ಸ್‌ರೇ ನೋಡಿ ಬಹಳ ಸಂತೋಷಪಟ್ಟರು. ಪೆನ್ನು ತೆಗೆದುಕೊಂಡು, ನೋವೇನಿಲ್ಲ ಅಲ್ವಾ, ಎಂದು ಕೇಳಿದರು. ಕೇಳಿದ ರೀತಿಯಲ್ಲೇ ಇಲ್ಲ ಅನ್ನುವ ಉತ್ತರವಿತ್ತು.

ಮಹದೇವು ನನ್ನನ್ನು ನೋಡಿದರು. ಆಮೇಲೆ ಡಾಕ್ಟರನ್ನು ನೋಡಿದರು.

"ಇದೆ ಸಾರ್," ಅಂದರು.

ಡಾಕ್ಟರು ಪೆನ್ನು ಹಿಡಿದೇ ಕೂತಿದ್ದರು.

"ಮನೇಲಿ ಓಡಾಡಕ್ಕೆ ಏನಿಲ್ಲ. ಕ್ಲಚ್ಚು ಒತ್ತಿದ್ರೆ ಇದೆ. ಕಾಲು ತಡವಾಗಿ ಬರುತ್ತೆ." ಆಮೇಲೆ ಹೇಳಿದರು: "ಅವತ್ತು ಹೇಳ್ಲಿಲ್ಲ, ಒಂದು ಗೋಲು ಹೋಯ್ತು ಅಷ್ಟೇ. ಇದ್ರಲ್ಲಿ ಜನ ತುಂಬ್ಕಂಡಿರ್ತಾರೆ ಸಾರ್. ಸ್ಕೂಲ್ ಮಕ್ಕಳಿರ್ತಾರೆ."

ಡಾಕ್ಟರು ಬರೆದುಕೊಟ್ಟದ್ದು ಡಿಪೋ ಕೆಲಸಕ್ಕೆ. ಮಹದೇವು ಅದನ್ನು ಮಡಿಸಿ ಜೇಬಿನಲ್ಲಿಟ್ಟುಕೊಳ್ಳುವಾಗ ಅವರ ಗಲ್ಲ ಅದುರಿತು. ಹದಿನಾರಾಣೆ ನೋವಿನಲ್ಲೂ ಕದಲದ ಮುಖ ಅದು. ನಾನು ಕಿಟಕಿಯ ಕಡೆ ತಿರುಗಿಕೊಂಡೆ.

ಹೊರಗೆ ಬೆಂಚಿನ ಮೇಲೆ ಇಬ್ಬರೂ ಕಾಯುತ್ತಿದ್ದರು. ಮಹದೇವು ಒಳಗೆ ನಡೆದದ್ದನ್ನು ಹೇಳಿದಾಗ ಪುಟ್ಟಸ್ವಾಮಿಯವರು ಬಹಳ ಹೊತ್ತು ನೆಲ ನೋಡಿದರು. ನಾನು ಮತ್ತೆ ಆ ಗೋಡೆಯ ಕಡೆ ತಿರುಗುವ ಕೋಪ ಬರುತ್ತದೇನೋ ಎಂದು ಹೆದರಿದೆ. ಅವರು ಎದ್ದು, "ಸರಿ ಬುಡು, ನಡಿ, ಕಾಫಿ ಕುಡಿಯನ," ಅಂದರು. ಶಿವಬಸಪ್ಪನವರು ಈ ಸಲ ಪೇಟೆಯವರು ಏನೂ ಮಾಡಲಿಲ್ಲ ಕಣಪ್ಪ, ಅಂದರು. ಮೂವರೂ ಕಾರಿಡಾರಿನಲ್ಲಿ ಒಬ್ಬರ ವೇಗಕ್ಕೆ ಒಬ್ಬರು ಹೊಂದಿಕೊಳ್ಳುತ್ತಾ ನಿಧಾನವಾಗಿ ಹೋದರು.

ಈಗಿನ ವಿಭಾಗವನ್ನು ನೋಡಿದರೆ ಸಂತೋಷವಾಗುತ್ತದೆ. ಮೇಣದ ತೊಟ್ಟಿ ಇಲ್ಲ, ಕಾಲಿಗೆ ಪಟ್ಟಿ ಕಟ್ಟಿದರೆ ಎಷ್ಟು ಬಗ್ಗಿತು ಎಂದು ಮೊಬೈಲೇ ಹೇಳುತ್ತದೆ, ರೋಗಿಗಳು ಮನೆಯಲ್ಲಿ ವಿಡಿಯೋ ನೋಡಿಕೊಂಡೇ ವ್ಯಾಯಾಮ ಮಾಡುತ್ತಾರೆ. ಒಬ್ಬೊಬ್ಬರಿಗೆ ಒಂದೊಂದು ಪರದೆಯ ಗೂಡು. ಬ್ಯಾಚು ಅನ್ನುವುದು ಹೋಯಿತು. ಹುಡುಗಿಯರು ಬಹಳ ಚುರುಕು, ನನಗಿಂತ ಹೆಚ್ಚು ಬಲ್ಲವರು. ಆ ಪರದೆಗಳನ್ನು ಒಂದಿಷ್ಟು ಹೊತ್ತಾದರೂ ಸರಿಸಿಡಿ ಎಂದು ಮಾತ್ರ ಅವರಿಗೆ ಹೇಳಿದೆ.

ಮೊನ್ನೆ ಪುಟ್ಟಸ್ವಾಮಿಯವರು ಫೋನು ಮಾಡಿದ್ದರು. ಮೂವರೂ ದಿನಾ ಬೆಳಿಗ್ಗೆ ಒಟ್ಟಿಗೆ ವಾಕಿಂಗು ಹೋಗುತ್ತಾರೆ. ಅದರದೇ ದೂರು. ಮಹದೇವು ಡಿಪೋ ಕೆಲಸಕ್ಕೆ ಹೊರಡುವ ಮುಂಚೆ ಒಂದು ಸುತ್ತು ಬರುತ್ತಾರೆ, ಬಂದರೆ ಸಾಕು, ಮಂಡಿಯ ವರದಿ ಶುರು. ಎದ್ದಾಗ ಇಷ್ಟು ನೋಯ್ತು, ಮೆಟ್ಟಿಲಿಳಿಯುವಾಗ ಇಷ್ಟು, ಮೋಡ ಕಟ್ಟಿದರೆ ಹೀಗೆ, ಬಿಸಿಲು ಬಂದರೆ ಹಾಗೆ. ಒಂದು ಮ್ಯಾಚಿನ ಮಾತು ಎತ್ತಲು ಬಿಡುವುದಿಲ್ಲ. ಆ ಮನುಷ್ಯನ ಬಾಯಿ ಮುಚ್ಚಿಸುವುದು ಹೇಗೆ, ನೀವೇ ಏನಾದರೂ ಹೇಳಿ ಮೇಡಂ, ಅಂದರು.

ಇಷ್ಟು ವರ್ಷ ಹೇಳದೆ ಇಟ್ಟುಕೊಂಡದ್ದಲ್ಲವಾ, ಬರಲಿ ಬಿಡಿ, ಅಂದೆ.

 ಪುಟ್ಟಸ್ವಾಮಿಯವರು, "ನಾನೇನು ಬ್ಯಾಡ ಅಂದ್ನಾ ಮೇಡಂ, ಕೇಳ್ತಾನೇ ಇವ್ನಿ," ಅಂದರು.